ಪಾತ್ರೆ ತೊಳೆಯುವ ಯಂತ್ರದಲ್ಲಿ ನೀರು ನಿಂತಾಗ

ಅಡುಗೆ ಮಾಡಿದವರನ್ನು ಎಲ್ಲರೂ ಹೊಗಳುತ್ತಾರೆ. ಮುಸುರೆ ಪಾತ್ರೆ ಬೆಳಗಿದವರನ್ನು ನೆನೆಯುವವರು ವಿರಳ. ಅಮೆರಿಕದ ಜೋಸೆಫಿನ್ ಕಾಕ್ರೇನ್ ಎಂಬ ಮಹಿಳೆಯು ನೀರಿನ ರಭಸದಿಂದ ಪಾತ್ರೆ ತೊಳೆಯುವ ಯಂತ್ರವನ್ನು ರೂಪಿಸಿ 1886ರಲ್ಲಿಯೇ ಪೇಟೆಂಟ್ ಪಡೆದರು. ನಮ್ಮಲ್ಲಿ ಅದು 2020ರ ಲಾಕ್‌ಡೌನ್ ನಂತರವೇ ಹೆಚ್ಚು ಮನೆಗಳನ್ನು ಪ್ರವೇಶಿಸಿತು.

ಬಳ್ಳಾರಿಯ ನಮ್ಮ ಮನೆಗೂ ಸೊಸೆಯ ಅಪೇಕ್ಷೆಯಂತೆ ಈ ಡಿಶ್‌ವಾಷರ್ ಬಂದಿತು. ಕುರುಗೋಡಿನ ದೊಡ್ಡ ಬಸವೇಶ್ವರರ ಜಾತ್ರೆ ಮುಗಿಸಿಕೊಂಡು ಬಂಧುಗಳೆಲ್ಲರೂ ಬಂದಿದ್ದ ದಿನವೇ ಯಂತ್ರವು ನಡುವೆ ನಿಂತುಬಿಟ್ಟಿತು. ಬಾಗಿಲು ತೆರೆದರೆ ತಳದಲ್ಲಿ ಕೊಳೆ ನೀರು, ದುರ್ವಾಸನೆ. ನೋಡಲು ಬಂದ ದುರಸ್ತಿಗಾರನು ತಳವನ್ನು ತೆರೆಯದೆಯೇ ಪಂಪು ಬದಲಿಸಬೇಕೆಂದು ಹೇಳಿ, ಸಾವಿರಾರು ರೂಪಾಯಿಗಳ ಲೆಕ್ಕ ಕೊಟ್ಟು ಹೋದನು. ಸೊಸೆ ಕಣ್ಣೀರು ತಂದುಕೊಂಡಳು.

ಸಿರುಗುಪ್ಪದಿಂದ ಬಂದಿದ್ದ ನನ್ನ ಅಕ್ಕ ಅಂತಹ ಯಂತ್ರವನ್ನು ಅಂದೇ ಮೊದಲು ಕಂಡವರು. "ಬಚ್ಚಲದಾಗ ನೀರು ನಿಂತರ ಮೊದಲು ಜಾಲರಿ ನೋಡ್ತೀವಿ. ಇದಕ್ಕೂ ಒಂದು ಜಾಲರಿ ಇರಬೇಕಲ್ಲವ್ವ?" ಎಂದರು. ಸೊಸೆ ಕೈಪಿಡಿ ತೆಗೆದು ನೋಡಿದಳು. ಜಾಲರಿ ಇತ್ತು, ಕೊಂಡಂದಿನಿಂದ ಯಾರೂ ಅದನ್ನು ತೆಗೆದಿರಲಿಲ್ಲ!

ಇಂತಹ ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮವನ್ನು ಸೋದರಿಯರ ಅವಗಾಹನೆಗೆ ತರುತ್ತಿದ್ದೇನೆ. ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಪ್ಲಗ್ಗನ್ನು ಕೀಳಬೇಕು. ನಿಂತ ನೀರನ್ನು ಲೋಟದಿಂದ ತೋಡಿ, ಉಳಿದುದನ್ನು ಬಟ್ಟೆಯಿಂದ ಹೀರಬೇಕು. ತಳದ ಜಾಲರಿಯನ್ನು ತಿರುಗಿಸಿ ಹೊರತೆಗೆದು, ಬಿಸಿನೀರಿನಲ್ಲಿ ಮೃದುವಾದ ಬ್ರಷ್ಷಿನಿಂದ ತೊಳೆಯಬೇಕು. ನಮ್ಮ ಜಾಲರಿಯಲ್ಲಿ ಅನ್ನದ ಅಗಳು ಗಂಜಿಯಾಗಿ ಗೋಂದಿನಂತೆ ಅಂಟಿತ್ತು. ಜೊತೆಗೆ ಕರಿಬೇವು, ಸಾಸಿವೆ. ಅದರ ಕೆಳಗಿನ ಗುಂಡಿಯಲ್ಲಿ, ಪಂಪಿನ ಬಾಯಿಗೆ ಗಾಜಿನ ಬಳೆಯ ಚೂರೊಂದು ಸಿಕ್ಕಿಕೊಂಡಿತ್ತು. ಜಾಲರಿ ಸರಿಯಾಗಿ ಕೂರದಿದ್ದರೆ ಇಂತಹ ಚೂರುಗಳು ಒಳಗಿಳಿಯುತ್ತವೆ. ಅದನ್ನು ಬರಿಗೈಯಿಂದ ತೆಗೆಯದೆ ಚಿಮುಟ ಬಳಸಬೇಕು.

ಇಷ್ಟಾದರೂ ನೀರು ಇಳಿಯದಿದ್ದಲ್ಲಿ, ಹಿಂಬದಿಯ ಪೈಪು ಮಡಿಚಿಕೊಂಡಿದೆಯೇ ಎಂದು ನೋಡಬೇಕು. ಅನಂತರ ಪೈಪಿನ ತುದಿಯನ್ನು ಸಿಂಕಿನಿಂದ ಬಿಡಿಸಿ, ಕೈಪಿಡಿ ಹೇಳುವ ಎತ್ತರದಲ್ಲಿಯೇ ಬಕೆಟ್ಟಿಗೆ ಹಿಡಿದು, ಯಂತ್ರವನ್ನು ಚಾಲೂ ಮಾಡಿ ನೀರು ಹೊರಹಾಕಿಸಬೇಕು. ಬಕೆಟ್ಟಿಗೆ ನೀರು ಸರಾಗವಾಗಿ ಬಂದರೆ ದೋಷವಿರುವುದು ಯಂತ್ರದಲ್ಲಲ್ಲ, ಸಿಂಕಿನ ಕೊಳವೆಯಲ್ಲಿ. ಹೊಸದಾಗಿ ಜೋಡಿಸಿದ ಯಂತ್ರವಾದರೆ ಸಿಂಕಿನ ಕವಲು ಕೊಳವೆಯ ಮುಚ್ಚಳವನ್ನು ತೆಗೆಯಲು ಮರೆತಿರುವುದೂ ಉಂಟು. ಪಂಪು ಗುಂಯ್‌ಗುಟ್ಟಿಯೂ ನೀರು ಬಾರದಿದ್ದರೆ ಒಳಗೆ ಏನೋ ಸಿಕ್ಕಿರುವ ಸಂಭವ ಹೆಚ್ಚು. ಸದ್ದೇ ಇಲ್ಲದಿದ್ದರೆ ಆಗ ತಜ್ಞರನ್ನು ಕರೆಯುವುದು ಯೋಗ್ಯ. ಆಸಿಡ್ ಸುರಿಯುವುದು ಮಾತ್ರ ಸರ್ವಥಾ ಕೂಡದು. ಅದು ಯಂತ್ರಕ್ಕೂ ಕೈಗೂ ಅಪಾಯ.

ಸಿರುಗುಪ್ಪದ ಭತ್ತದ ಸೀಮೆಯವರಾದ ನಮಗೆ ಅನ್ನವಿಲ್ಲದೆ ಊಟವಿಲ್ಲ. ಆದ್ದರಿಂದ ತಟ್ಟೆಯ ಅಗಳು, ರೊಟ್ಟಿಯ ಚೂರುಗಳನ್ನು ಬಳಿದೇ ಪಾತ್ರೆಗಳನ್ನು ಒಳಗಿಡಬೇಕು. ವಾರಕ್ಕೊಮ್ಮೆ ಜಾಲರಿ ತೊಳೆಯಬೇಕು. ಕೈಯಿಂದ ತೊಳೆಯುವ ಸೋಪನ್ನು ಹಾಕಬಾರದು. ನೊರೆ ಹೆಚ್ಚಿದರೆ ಪಂಪು ನೀರನ್ನು ಎಳೆಯಲಾರದು. ಕೊಳವೆಬಾವಿಯ ಗಡಸು ನೀರಿದ್ದಲ್ಲಿ ಯಂತ್ರಕ್ಕೆಂದೇ ದೊರೆಯುವ ಉಪ್ಪನ್ನು ತಪ್ಪದೆ ತುಂಬಬೇಕು. ಇಲ್ಲವಾದರೆ ಸುಣ್ಣದಂತಹ ಬಿಳಿ ಪದರು ಕಟ್ಟುತ್ತದೆ.

ಅಂದು ಒಂದು ಗಂಟೆಯೊಳಗೆ ನಮ್ಮ ಯಂತ್ರ ನಡೆಯಿತು, ಹಣವೂ ಉಳಿಯಿತು. ಅಂದಿನಿಂದ ಪ್ರತಿ ಭಾನುವಾರ ಜಾಲರಿ ತೊಳೆಯುವ ಕೆಲಸ ನನ್ನ ಮಗನದು. ಮುಸುರೆಯ ಭಾರವನ್ನು ಸ್ವಲ್ಪವಾದರೂ ಹಂಚಿಕೊಳ್ಳಲು ಮನೆಯ ಗಂಡಸರಿಗೆ ಇದೊಂದು ಸುಲಭ ಮಾರ್ಗವಲ್ಲವೇ?