ಕೀಮೊ ನಂತರದ ಹತ್ತನೇ ದಿನ ನೋಡಿಕೊಳ್ಳುವವರು ಯಾರು?

ಕೀಮೊ ಹಾಕಿಸಿಕೊಂಡು ಊರಿಗೆ ಬಂದ ರೋಗಿಗೆ ಹತ್ತನೇ ದಿನ ಜ್ವರ ಬಂದರೆ? ಮಾತ್ರೆ ಕೊಟ್ಟು, ಕಡಿಮೆಯಾಗದಿದ್ದರೆ ನಾಳೆ ಬನ್ನಿ ಎನ್ನುವುದು ಹೊರರೋಗಿ ವಿಭಾಗದ ರೂಢಿ. ಕ್ಯಾನ್ಸರ್ ಶುಶ್ರೂಷೆ ಕಲಿತ ಸಿಸ್ಟರ್ ಹಾಗೆ ಕಳಿಸುವುದಿಲ್ಲ. ಸಾಮಾನ್ಯವಾಗಿ ಕೀಮೊ ಆದ 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಗಂಟೆಯೊಳಗೆ ಆ್ಯಂಟಿಬಯಾಟಿಕ್ ಶುರುವಾಗಬೇಕು ಎಂಬುದು ಅವರಿಗೆ ಗೊತ್ತು. ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸವೇ ಕೊಳೆಯುತ್ತದೆ. ಉರಿ ಎಂದು ರೋಗಿ ಹೇಳಿದ ಕೂಡಲೇ ಡ್ರಿಪ್ ನಿಲ್ಲಿಸುವ ಕೈ ಸಿಸ್ಟರ್‌ದೇ.

ಇದನ್ನೆಲ್ಲ ಕಲಿಸಲೆಂದೇ ಭಾರತೀಯ ಶುಶ್ರೂಷಾ ಪರಿಷತ್ತು ನೋಂದಾಯಿತ ನರ್ಸ್‌ಗಳಿಗೆ ಒಂದು ವರ್ಷದ ಡಿಪ್ಲೊಮಾ ರೂಪಿಸಿದೆ. ಆದರೆ ಕೋರ್ಸ್ ಇರುವುದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಿರುವ ನಗರಗಳಲ್ಲಿ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಿಂದ ಮೈಸೂರಿಗೇ ಸುಮಾರು 60 ಕಿ.ಮೀ.; 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಅಲ್ಲಿಂದ ಮುಂದೆ ಮತ್ತೆ 140.

ಊರಿನವರನ್ನೇ ತರಬೇತುಗೊಳಿಸುವ ಕೆಲಸ ಈ ಜಿಲ್ಲೆಗೆ ಹೊಸದಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಹೆಣ್ಣುಮಕ್ಕಳನ್ನು ಎಎನ್‌ಎಂಗಳಾಗಿ ತಯಾರು ಮಾಡಿತು. ಚಾಮರಾಜನಗರಕ್ಕೆ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು.

ಕಲಿಯಬೇಕಾದದ್ದು ಕೀಮೊ ಒಂದೇ ಅಲ್ಲ. ಕಡ್ಡಿಪುಡಿ ಹಾಕುವವರ ಬಾಯಲ್ಲಿ ಬಿಳಿ ಮಚ್ಚೆ ಹುಡುಕುವುದು, ಅಸಿಟಿಕ್ ಆಮ್ಲ ಹಚ್ಚಿ ಗರ್ಭಕೊರಳು ಪರೀಕ್ಷಿಸುವುದು, 30 ದಾಟಿದವರ ಇಂಥ ತಪಾಸಣೆಯ ಹೆಚ್ಚಿನ ಭಾರ ನರ್ಸ್‌ಗಳ ಮೇಲೇ ಇದೆ. ಗುಣವಾಗದ ಹಂತ ತಲುಪಿದವರ ನೋವು, ಹುಣ್ಣಿನ ವಾಸನೆ ನಿಭಾಯಿಸುವುದು ಇನ್ನೊಂದು ವಿದ್ಯೆ. ಇದಕ್ಕೆ ಮಾದರಿ ಹುಡುಕಿ ದೂರ ಹೋಗಬೇಕಿಲ್ಲ: ಬಂಡೀಪುರದ ಕಾಡು ದಾಟಿದರೆ ಕೇರಳ. ಅಲ್ಲಿ 1993ರಲ್ಲಿ ಕೋಯಿಕ್ಕೋಡಿನಲ್ಲಿ ಹುಟ್ಟಿದ ಉಪಶಮನ ಸೇವೆ ಇಂದು ಹಳ್ಳಿಗಳ ಮನೆಬಾಗಿಲಿಗೇ ನರ್ಸ್‌ಗಳನ್ನು ಕಳಿಸುತ್ತದೆ. ಬೆಂಗಳೂರಿನಲ್ಲಿ 1999ರಿಂದ ಉಚಿತವಾಗಿ ರೋಗಿಗಳನ್ನು ನೋಡಿಕೊಳ್ಳುತ್ತಿರುವ ಕರುಣಾಶ್ರಯದಲ್ಲೂ ಈ ಶುಶ್ರೂಷೆಯ ತರಬೇತಿ ಉಂಟು.

ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಕ್ಯಾನ್ಸರ್ ಡೇ ಕೇರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಹಾಸಿಗೆ, ಪಂಪು ಟೆಂಡರ್‌ನಲ್ಲಿ ಬರುತ್ತವೆ; ಪಳಗಿದ ಸಿಸ್ಟರ್ ಹಾಗೆ ಬರುವುದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆಯ ಆಸ್ಪತ್ರೆಗಳಿಂದ ಕೆಲವರನ್ನಾದರೂ ಆರೋಗ್ಯ ಇಲಾಖೆ ಈಗಲೇ ಆರಿಸಿ, ಸಂಬಳ ಸಮೇತ ಕಲಿಯಲು ಕಳಿಸಲಿ, ಅವರ ಜಾಗಕ್ಕೆ ಬದಲಿ ಸಿಬ್ಬಂದಿಯನ್ನೂ ಕೊಡಲಿ.