ತೆರೆದ ಗಣಿಯನ್ನು ಮುಚ್ಚುವ ವೆಚ್ಚ

ಕೆಲಸ ನಿಂತ ತೆರೆದ ಗಣಿಗೆ ಮುಖ್ಯವಾಗಿ ಮೂರು ಮಾರ್ಗಗಳುಂಟು: ಅಗೆದ ಕಲ್ಲುಮಣ್ಣುಗಳಿಂದ ಕುಳಿಯನ್ನು ಮರಳಿ ತುಂಬುವುದು, ಅದು ನೀರು ತುಂಬಿ ಕೆರೆಯಾಗಲು ಬಿಡುವುದು, ನೀರನ್ನೆತ್ತಿ ಶುದ್ಧಿಗೊಳಿಸುತ್ತಲೇ ಇರುವುದು. ಮೊದಲನೆಯದರ ವೆಚ್ಚ ಬಹುಪಾಲು ಇಂದಿನದು. ಕೊನೆಯದರದು ಮುಂದಿನ ತಲೆಮಾರುಗಳದು. ಹೋಲಿಕೆಯ ತೊಡಕು ಇಲ್ಲಿಯೇ ಇದೆ.

ಅಮೆರಿಕದ ಮೊಂಟಾನಾ ಸಂಸ್ಥಾನದ ಬರ್ಕ್ಲಿ ತಾಮ್ರದ ಗಣಿಯನ್ನು ನೋಡೋಣ. 1955ರಲ್ಲಿ ಆರಂಭವಾದ ಇದು 1982ರಲ್ಲಿ ನಿಂತಿತು. ಅದೇ ವರ್ಷ ನೆಲದಡಿಯ ನೀರೆತ್ತುವ ಯಂತ್ರಗಳನ್ನೂ ನಿಲ್ಲಿಸಲಾಯಿತು. ಆಗ ಹಣವೇನೋ ಉಳಿಯಿತು. ಆದರೆ ಗಂಧಕಯುಕ್ತ ಶಿಲೆಗಳನ್ನು ಸೋಕಿದ ನೀರು ಆಮ್ಲೀಯವಾಗಿ, ಲೋಹಗಳನ್ನು ಕರಗಿಸಿಕೊಂಡು ಏರತೊಡಗಿತು. 1995ರಲ್ಲಿ ಅಲ್ಲಿಳಿದ 342 ಹೆಬ್ಬಾತುಗಳು ಸತ್ತವು. 2003ರಲ್ಲಿ ಶುದ್ಧೀಕರಣಾಗಾರವನ್ನು ಕಟ್ಟಬೇಕಾಯಿತು. ಅದರ ಕೆಲಸಕ್ಕೆ ಕೊನೆಯೆಂಬುದಿಲ್ಲ.

ಲೆಕ್ಕಿಗರು ಮುಂದಿನ ವೆಚ್ಚವನ್ನು ಬಡ್ಡಿ ಕಳೆದು ಇಂದಿನ ಮೌಲ್ಯಕ್ಕೆ ಇಳಿಸುತ್ತಾರೆ. ಶೇಕಡ 5ರ ಚಕ್ರಬಡ್ಡಿಯಂತೆ, ನೂರು ವರ್ಷಗಳ ಬಳಿಕ ತೆರಬೇಕಾದ 100 ರೂಪಾಯಿಗೆ ಇಂದಿನ ಬೆಲೆ ಸುಮಾರು 76 ಪೈಸೆ. ಹೀಗೆ ಚಿರಕಾಲದ ಹೊಣೆಯೂ ಕಾಗದದ ಮೇಲೆ ಅಗ್ಗವಾಗಿ ತೋರುತ್ತದೆ. ಆದರೆ ಆ 76 ಪೈಸೆಯನ್ನು ಇಂದೇ ತೆಗೆದಿರಿಸಿ ನೂರು ವರ್ಷ ಕಾಯುವವರಿದ್ದರೆ ಮಾತ್ರ ಈ ಲೆಕ್ಕ ಸರಿ. ಬರ್ಕ್ಲಿಯ ಒಡೆತನವಾದರೋ ಗಣಿ ನಿಲ್ಲುವುದಕ್ಕೆ ಮೊದಲೇ, 1977ರಲ್ಲಿ, ಕೈಬದಲಾಗಿತ್ತು. ಆದುದರಿಂದ ವೆಚ್ಚಪಟ್ಟಿಯಲ್ಲಿ ಮೊತ್ತದೊಡನೆ, ಅದನ್ನು ತೆರುವವರಾರು, ಎಷ್ಟು ಕಾಲ ಎಂಬುದನ್ನೂ ನಮೂದಿಸತಕ್ಕದ್ದೆಂದು ನಾವು ಭಾವಿಸುತ್ತೇವೆ.