ಪಿಯಾನೊ ಯಾವ ಗೋಡೆಗೆ?

ಹಜಾರಕ್ಕೆ ಪಿಯಾನೊ ಬರುತ್ತದೆ ಎಂದಾಗ ಮನೆಯವರು ನೋಡುವುದು ಅದರ ಬಣ್ಣ ಸೋಫಾಕ್ಕೆ ಹೊಂದುತ್ತದೆಯೇ, ಟೀವಿಗೆ ಅಡ್ಡ ಬರುತ್ತದೆಯೇ ಎಂದು. ಪಿಯಾನೊದ ಲೆಕ್ಕಾಚಾರವೇ ಬೇರೆ. ಅದರೊಳಗೆ ಸುಮಾರು 230 ತಂತಿಗಳಿವೆ, ಅವೆಲ್ಲದರ ಬಿಗಿತ ಸೇರಿದರೆ 18 ಟನ್ನಿನ ಆಸುಪಾಸು. ಆ ಎಳೆತವನ್ನು ಹೊರುವುದು ಎರಕದ ಕಬ್ಬಿಣದ ಚೌಕಟ್ಟು. ದನಿಗೆ ಮೈ ತುಂಬುವುದು ಮಾತ್ರ ಅದರ ಹಿಂದಿರುವ, ಒಂದು ಸೆಂಟಿಮೀಟರೂ ದಪ್ಪವಿಲ್ಲದ ಸ್ಪ್ರೂಸ್ ಮರದ ಹಲಗೆ. ಬರಿಯ ತಂತಿ ಅಲುಗಿಸುವ ಗಾಳಿ ಅತ್ಯಲ್ಪ. ವೀಣೆಯಲ್ಲಿರುವಂತೆ ಇಲ್ಲೂ ಕುದುರೆಯಿದೆ. ತಂತಿಯ ಕಂಪನ ಅದರ ಮೂಲಕ ಹಲಗೆಗೆ ಇಳಿದು, ಇಡೀ ಹಲಗೆ ಗಾಳಿಯನ್ನು ತಳ್ಳಿದಾಗಲೇ ಕೋಣೆ ತುಂಬುವ ದನಿ.

ನೆಟ್ಟಗೆ ನಿಲ್ಲುವ ಅಪ್‌ರೈಟ್ ಪಿಯಾನೊದಲ್ಲಿ ಈ ಹಲಗೆ ಇರುವುದು ಬೆನ್ನಿನ ಕಡೆ. ಗೋಡೆಗೆ ಒತ್ತಿ ಇಟ್ಟರೆ ಅದರ ಬಾಯಿಗೆ ಕೈ ಅಡ್ಡ ಹಿಡಿದಂತೆಯೇ. ನಾಲ್ಕೈದು ಬೆರಳಷ್ಟಾದರೂ ಜಾಗ ಬಿಡಬೇಕು.

ಪಿಯಾನೊ ಹುಟ್ಟುವಾಗ ನೆಟ್ಟಗೆ ಇರಲಿಲ್ಲ. 1700ರ ಸುಮಾರಿಗೆ ಫ್ಲಾರೆನ್ಸಿನ ಮೆದಿಚಿ ಮನೆತನದ ಆಶ್ರಯದಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಕಟ್ಟಿದ್ದು ಅರಮನೆಯ ಕೋಣೆಗೆ ಸಲ್ಲುವ, ಮಲಗಿದ ವಾದ್ಯ. ಮಧ್ಯಮವರ್ಗದ ಮನೆಗಳಲ್ಲಿ ಅಷ್ಟು ಜಾಗವೆಲ್ಲಿ? ಮೊದಲು ಅದನ್ನು ಕೀಗಳ ಮೇಲೆ ಎತ್ತಿ ನಿಲ್ಲಿಸಿ ನೋಡಿದರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಯೆನ್ನಾದಲ್ಲಿ ಮೆರೆದ 'ಜಿರಾಫೆ' ಪಿಯಾನೊಗಳು ಆಳೆತ್ತರವನ್ನೂ ಮೀರಿದ್ದವು. 1800ರ ಹೊತ್ತಿಗೆ ಫಿಲಡೆಲ್ಫಿಯಾದ ಜಾನ್ ಐಸಾಕ್ ಹಾಕಿನ್ಸ್, ವಿಯೆನ್ನಾದ ಮಥಿಯಾಸ್ ಮ್ಯೂಲರ್ ಬೇರೆಬೇರೆಯಾಗಿ ಒಂದೇ ಉಪಾಯಕ್ಕೆ ಬಂದರು: ತಂತಿಗಳನ್ನು ಕೀಗಳ ಮಟ್ಟದಿಂದ ಕೆಳಗೆ, ನೆಲದವರೆಗೂ ಇಳಿಸುವುದು. ಗೋಡೆಬದಿಗೆ ಒಗ್ಗುವ ಪಿಯಾನೊ ಬಂದದ್ದು ಹೀಗೆ.

ಆದರೆ ಮನೆಯ ಆಸೆ ಅಲ್ಲಿಗೇ ನಿಲ್ಲಲಿಲ್ಲ. 1930ರ ದಶಕದ ಅಮೆರಿಕದಲ್ಲಿ ಆರ್ಥಿಕ ಕುಸಿತದ ನಡುವೆ ಪಿಯಾನೊ ಮಾರಲು ತಯಾರಕರು ಅದನ್ನು ಇನ್ನಷ್ಟು ಕುಳ್ಳಾಗಿಸಿದರು. ಕಿಟಕಿಯ ಕೆಳಗೂ ಹಿಡಿಯುವ, ಮೀಟರಿನಷ್ಟೂ ಎತ್ತರವಿಲ್ಲದ ಸ್ಪಿನೆಟ್‌ಗಳು ಬಂದವು. ಸಾಮಾನ್ಯ ಅಪ್‌ರೈಟ್‌ನಲ್ಲಿ ಸುತ್ತಿಗೆಗಳ ಯಂತ್ರ ಕೀಗಳ ಮೇಲ್ಭಾಗದಲ್ಲಿ ಕುಳಿತಿರುತ್ತದೆ. ಸ್ಪಿನೆಟ್‌ನಲ್ಲಿ ಅದನ್ನು ಕೀಗಳ ಹಿಂದೆ ಕೆಳಕ್ಕಿಳಿಸಿ, ಒಂದೊಂದು ಕೀಗೂ ಒಂದೊಂದು ಕೊಂಡಿಯಿಂದ ಜೋಡಿಸಿದರು. ಸಣ್ಣ ರಿಪೇರಿಗೂ ಆ 88 ಕೊಂಡಿಗಳನ್ನು ಬಿಚ್ಚಿ ಯಂತ್ರವನ್ನೇ ಹೊರತೆಗೆಯಬೇಕು. ಪಿಯಾನೊ ರಿಪೇರಿಯವರ ಮುಂದೆ ಸ್ಪಿನೆಟ್ ಹೆಸರೆತ್ತಿ ನೋಡಿ! ದನಿಯ ನಷ್ಟ ಇನ್ನೂ ದೊಡ್ಡದು. ಉದ್ದವಿಲ್ಲದ ತಂತಿಯಿಂದ ಮಂದ್ರ ಸ್ವರ ಬರಬೇಕಾದರೆ ಅದು ದಪ್ಪಗಿರಬೇಕು, ದಪ್ಪವಾದಷ್ಟೂ ಅದು ಕಂಬಿಯಂತೆ ಪೆಡಸಾಗುತ್ತದೆ. ಪೆಡಸು ತಂತಿಯ ಉಪಸ್ವರಗಳು ಇರಬೇಕಾದ ಜಾಗಕ್ಕಿಂತ ತುಸು ಮೇಲಕ್ಕೆ ಜಾರುತ್ತವೆ. ಎಡಗೈ ಕಡೆಯ ಸ್ವರಗಳು ಕಲಸಿಹೋದಂತೆ ಕೇಳುತ್ತವೆ. ತಾಮ್ರದ ತಂತಿ ಸುತ್ತಿದರೆ ಪೆಡಸು ತಗ್ಗುತ್ತದೆ, ನಿಜ, ಆದರೆ ಉದ್ದದ ಕೊರತೆ ಪೂರ್ತಿ ತುಂಬುವುದಿಲ್ಲ.

ಇದಕ್ಕಿಂತ ಜಾಣ ದಾರಿಯನ್ನು ಬ್ರಿಟಿಷ್ ವಾಸ್ತುಶಿಲ್ಪಿ ಬೇಲಿ ಸ್ಕಾಟ್ 1890ರ ದಶಕದಲ್ಲೇ ತೋರಿಸಿದ್ದರು. ಬ್ರಾಡ್‌ವುಡ್ ಕಂಪನಿಗಾಗಿ ಅವರು ರೂಪಿಸಿದ 'ಮ್ಯಾಂಕ್ಸ್‌ಮನ್' ಪಿಯಾನೊದಲ್ಲಿ ಕೀಗಳ ಮುಂದೆ ಜೋಡಿ ಬಾಗಿಲುಗಳಿವೆ. ಮುಚ್ಚಿದರೆ ಅದು ಓಕ್ ಮರದ ಅಲಮಾರು. ಬದಲಾದದ್ದು ಹೊರಪೆಟ್ಟಿಗೆ, ತಂತಿಯನ್ನು ಮೋಟು ಮಾಡಿ ಅಂದ ಹುಡುಕುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ಯಾವ ಗೋಡೆ? ಬಿಸಿಲು ಬೀಳದ, ಮಳೆಗೆ ಒದ್ದೆಯಾಗದ ಒಳಗೋಡೆ. ಏಸಿಯ ಗಾಳಿ ನೇರ ಬಡಿಯಬಾರದು. ಆ ತೆಳು ಹಲಗೆ ತೇವ ಹೀರಿ ಉಬ್ಬುತ್ತದೆ, ಕುದುರೆಯನ್ನು ಮೇಲಕ್ಕೆ ಒತ್ತಿ ತಂತಿಗಳನ್ನು ಬಿಗಿಯುತ್ತದೆ, ಶ್ರುತಿ ಏರುತ್ತದೆ. ಒಣಗಿದಾಗ ಇಳಿಯುತ್ತದೆ. ಎಲ್ಲ ಸ್ವರಗಳೂ ಸಮನಾಗಿ ಏರಿಳಿದಿದ್ದರೆ ತೊಂದರೆಯಿರಲಿಲ್ಲ. ನಡುಭಾಗದವು ಹೆಚ್ಚು ಅಲುಗುತ್ತವೆ. ತೇವಾಂಶ ಶೇಕಡ 40ರಿಂದ 60ರ ನಡುವೆ ಇದ್ದರೆ ಪಿಯಾನೊಗೆ ಹಿತ. ಮಂಗಳೂರಿನ ಆಷಾಢ ಅದನ್ನು ಎಷ್ಟೋ ಮೀರುತ್ತದೆ, ಬೆಂಗಳೂರಿನ ಮಾರ್ಚ್ ತಿಂಗಳ ಮಧ್ಯಾಹ್ನಗಳು ಕೆಳಗಿಳಿಯುತ್ತವೆ.

ನಮ್ಮ ಮನೆಗಳ ಗ್ರಾನೈಟ್ ನೆಲ, ಬೋಳುಗೋಡೆ, ದೊಡ್ಡ ಗಾಜು ದನಿಯನ್ನು ಹೀರದೆ ಹಿಂದಕ್ಕೆ ಎಸೆಯುತ್ತವೆ. ಒಂದು ಜಮಖಾನೆ, ದಪ್ಪ ಪರದೆ, ಪುಸ್ತಕದ ಕಪಾಟು ಇದ್ದರೆ ಕಿವಿಗೆ ಸಮಾಧಾನ. ಪಿಯಾನೊ ಮೇಲೆ ಚೌಕಟ್ಟಿನ ಫೋಟೊಗಳನ್ನು ಸಾಲಾಗಿ ಇಡುವವರು ಯಾವುದೋ ಒಂದು ಸ್ವರಕ್ಕೆ ಗಾಜು ಝಣಝಣಿಸುವುದನ್ನು ಕೇಳಲು ಸಿದ್ಧರಿರಬೇಕು. ಹೂದಾನಿಯಂತೂ ಬೇಡವೇ ಬೇಡ. ಒಮ್ಮೆ ನೀರು ಚೆಲ್ಲಿದರೆ ಒಳಗಿನ ಫೆಲ್ಟ್ ಒದ್ದೆಯಾಗಿ, ತಂತಿಯ ಗೂಟಗಳಿಗೆ ತುಕ್ಕು ಹಿಡಿಯುತ್ತದೆ.

ಗ್ರ್ಯಾಂಡ್ ಪಿಯಾನೊ ಕೊಳ್ಳುವಷ್ಟು ಜಾಗವೂ ಹಣವೂ ಇದ್ದವರು ಅದರ ನೇರ ಅಂಚನ್ನು, ಎಂದರೆ ನುಡಿಸುವವರ ಎಡಗಡೆಯದನ್ನು, ಗೋಡೆಯತ್ತ ಇಡಲಿ. ಮುಚ್ಚಳದ ಕೀಲು ಇರುವುದು ಆ ಕಡೆಗೇ. ತೆರೆದಾಗ ದನಿ ಬಲಕ್ಕೆ, ಕೂತು ಕೇಳುವವರ ಕಡೆಗೆ ಹೊರಳುತ್ತದೆ.